ಥರ್ಮೋಸ್ಟಾಟ್ ಎಷ್ಟಕ್ಕಿಡಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಚಳಿದೇಶಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಂದ ಅಥವಾ ಅವರನ್ನು ನೋಡಲು ಹೋಗಿರುವ ತಂದೆತಾಯಿಗಳಿಂದ ಬಂದವು. ಬಹುತೇಕ ಎಲ್ಲರೂ ಕೇಳಿರುವುದು ಗೋಡೆಯ ಮೇಲಿನ ಒಂದು ಸಣ್ಣ ಪೆಟ್ಟಿಗೆಯ ಬಗ್ಗೆ, ಅಂದರೆ ಮನೆಯನ್ನು ಕಾಯಿಸುವ ಫರ್ನೇಸು ಎಂಬ ಯಂತ್ರವನ್ನು ನಾವು ಇಟ್ಟ ಅಂಕಿಗೆ ತಕ್ಕಂತೆ ಹೊತ್ತಿಸಿ ಆರಿಸುವ ಥರ್ಮೋಸ್ಟಾಟ್ ಬಗ್ಗೆ. ಇಪ್ಪತ್ತು ಚಳಿಗಾಲಗಳನ್ನು ಅಂಥ ಪೆಟ್ಟಿಗೆಯೊಂದಿಗೆ ಕಳೆದವನಾದ್ದರಿಂದ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಹಾಸನದವಳು. ಮಿನ್ನೆಸೋಟದಲ್ಲಿರುವ ಮಗನ ಮನೆಗೆ ಬಂದು ಎರಡು ತಿಂಗಳಾಯಿತು. ಮಗ ಬೆಳಿಗ್ಗೆ ಥರ್ಮೋಸ್ಟಾಟನ್ನು 66 ಡಿಗ್ರಿ ಫ್ಯಾರನ್‌ಹೀಟಿಗೆ ಇಟ್ಟು ಆಫೀಸಿಗೆ ಹೋಗುತ್ತಾನೆ. ನನಗೆ ನಡುಕ ಬಂದಾಗ, ಬೇಗ ಬೆಚ್ಚಗಾಗಲಿ ಎಂದು 80ಕ್ಕೆ ಏರಿಸುತ್ತೇನೆ. ಸಂಜೆ ಅದೇ ವಿಷಯಕ್ಕೆ ಮಾತು ಬೆಳೆಯುತ್ತದೆ. ಇಬ್ಬರಿಗೂ ಸರಿಯೆನಿಸುವ ಅಂಕಿ ಯಾವುದು?

ಉತ್ತರ: ಮೊದಲು 80ರ ವಿಷಯವನ್ನು ಮುಗಿಸಿಬಿಡೋಣ. ಊರಿನ ಮನೆಯ ತಾರಸಿಯ ಮೇಲಿನ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡೊಂದು ಇರುತ್ತದೆ. ನೀರು ಅದರ ಮಟ್ಟಕ್ಕೆ ಬಂದೊಡನೆ ಮೋಟಾರು ನಿಲ್ಲುತ್ತದೆ. ಆ ಚೆಂಡನ್ನು ಒಂದಡಿ ಮೇಲೆ ಕಟ್ಟಿದ ಮಾತ್ರಕ್ಕೆ ಮೋಟಾರು ನೀರನ್ನು ಹೆಚ್ಚು ವೇಗವಾಗಿ ಎತ್ತುವುದಿಲ್ಲ, ನಿಲ್ಲುವುದು ತಡವಾಗುತ್ತದೆ ಅಷ್ಟೆ. ಥರ್ಮೋಸ್ಟಾಟ್ ಮಾಡುವುದೂ ಇದೇ ಕೆಲಸವನ್ನು. 70ಕ್ಕೆ ಇಟ್ಟರೂ 80ಕ್ಕೆ ಇಟ್ಟರೂ ಸಾಮಾನ್ಯ ಗ್ಯಾಸ್ ಫರ್ನೇಸು ಒಂದೇ ಪ್ರಮಾಣದ ಬಿಸಿಗಾಳಿಯನ್ನು ಊದುತ್ತದೆ, ಆದ್ದರಿಂದ ಮನೆ 70 ಮುಟ್ಟಲು ಬೇಕಾಗುವ ಸಮಯ ಎರಡರಲ್ಲಿಯೂ ಒಂದೇ. ಎರಡು ವೇಗದ ಹೊಸ ಫರ್ನೇಸುಗಳಲ್ಲಿ ಸ್ವಲ್ಪ ವ್ಯತ್ಯಾಸ ಕಾಣಬಹುದು. ಆದರೆ ನೀವು ಮರೆತು ಮಲಗಿದರೆ ಅದು ಸುಮಾರು 27 ಡಿಗ್ರಿ ಸೆಲ್ಸಿಯಸ್‌ವರೆಗೆ ಉರಿಯುತ್ತಲೇ ಇರುತ್ತದೆ, ಮತ್ತು ನಿಮ್ಮ ಮಗನ ದೂರು ಆ ಮಟ್ಟಿಗೆ ನ್ಯಾಯವಾದದ್ದೇ.

ಇನ್ನು ಅಂಕಿಯ ಮಾತು. ಜನರು ಎಚ್ಚರವಾಗಿ ಮನೆಯಲ್ಲಿರುವ ಹೊತ್ತಿಗೆ 68 ಫ್ಯಾರನ್‌ಹೀಟ್, ಅಂದರೆ 20 ಸೆಲ್ಸಿಯಸ್, ಎಂಬುದು ಅಮೆರಿಕದ ಇಂಧನ ಇಲಾಖೆಯ ಸಲಹೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ವಸತಿ ಮಾರ್ಗಸೂಚಿ 18 ಸೆಲ್ಸಿಯಸ್ ಅನ್ನು ಕನಿಷ್ಠ ಮಿತಿಯಾಗಿ ಇಟ್ಟುಕೊಂಡು, ವೃದ್ಧರಿಗೂ ಎಳೆಮಕ್ಕಳಿಗೂ ಅದಕ್ಕಿಂತ ಹೆಚ್ಚು ಬೇಕಾಗಬಹುದೆಂದು ಹೇಳುತ್ತದೆ. ನಿಮ್ಮ ಮಗನ 66 ಎಂದರೆ ಸುಮಾರು 19 ಸೆಲ್ಸಿಯಸ್, ಅದು ಕನಿಷ್ಠದ ಅಂಚಿನಲ್ಲಿದೆ. ಇಡೀ ದಿನ ಮನೆಯಲ್ಲಿ ಕುಳಿತಿರುವ ಹಿರಿಯರೊಬ್ಬರಿದ್ದಾಗ ಅದನ್ನು ಮಿತವ್ಯಯ ಎಂದು ಕರೆಯಲು ನನಗೆ ಮನಸ್ಸು ಬಾರದು. ಹಗಲಿನಲ್ಲಿ 70, ಎಲ್ಲರೂ ಹೊದ್ದು ಮಲಗಿದ ಮೇಲೆ 65 ಎಂದು ಒಪ್ಪಂದ ಮಾಡಿಕೊಳ್ಳಿ. 1977ರ ಫೆಬ್ರುವರಿಯಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸ್ವೆಟರ್ ತೊಟ್ಟು ದೂರದರ್ಶನದಲ್ಲಿ ಕಾಣಿಸಿಕೊಂಡು, ಹಗಲು 65ಕ್ಕೂ ರಾತ್ರಿ 55ಕ್ಕೂ ಇಡಿ ಎಂದು ಜನರನ್ನು ಕೇಳಿಕೊಂಡಿದ್ದರು ಎಂದು ಮಗ ವಾದಿಸಿದರೆ, ಅವರ ಪಕ್ಕದಲ್ಲಿ ಅಗ್ಗಿಷ್ಟಿಕೆ ಉರಿಯುತ್ತಿತ್ತು ಎಂಬುದನ್ನೂ ನೆನಪಿಸಿ.

ಹಾಸನದಲ್ಲಿ 20 ಡಿಗ್ರಿ ಸೆಲ್ಸಿಯಸ್‌ಗೆ ನಡುಗದ ನೀವು ಇಲ್ಲಿ ಏಕೆ ನಡುಗುತ್ತೀರಿ ಎಂಬ ಪ್ರಶ್ನೆಗೂ ಉತ್ತರವಿದೆ. ಊರಿನಲ್ಲಿ ಹಗಲೆಲ್ಲ ಬಿಸಿಲು ಕುಡಿದ ಗೋಡೆಗಳು ನಿಮ್ಮ ಸುತ್ತ ಇರುತ್ತವೆ. ಇಲ್ಲಿ ಗಾಳಿ ಬೆಚ್ಚಗಿದ್ದರೂ ಕಿಟಕಿಯ ಗಾಜು ಕೊರೆಯುತ್ತಿರುತ್ತದೆ, ಅದರ ಪಕ್ಕ ಕುಳಿತರೆ ನಿಮ್ಮ ಮೈಯ ಶಾಖ ಗಾಜಿನತ್ತ ಹರಿದುಹೋಗುತ್ತದೆ. ಕುರ್ಚಿಯನ್ನು ಕಿಟಕಿಯಿಂದ ಒಳಗೋಡೆಯ ಬದಿಗೆ ಸರಿಸಿ ನೋಡಿ, ಎರಡು ಡಿಗ್ರಿ ಏರಿಸಿದಂತೆ ತೋರುತ್ತದೆ. ದಕ್ಷಿಣದ ಪರದೆಗಳನ್ನು ಬಿಸಿಲಿರುವಾಗ ತೆರೆದಿಟ್ಟು, ಕತ್ತಲಾಗುತ್ತಲೇ ಎಲ್ಲವನ್ನೂ ಮುಚ್ಚಿ. ಕಾಲುಚೀಲ ಹಾಕಿಕೊಳ್ಳಿ ಎಂದು ಹೇಳಬೇಕಾಗಿಲ್ಲ ಎಂದುಕೊಂಡಿದ್ದೇನೆ.

ಪ್ರಶ್ನೆ: ರಾತ್ರಿ ಇಳಿಸಿ ಬೆಳಿಗ್ಗೆ ಏರಿಸಿದರೆ, ತಣ್ಣಗಾದ ಮನೆಯನ್ನು ಮತ್ತೆ ಕಾಯಿಸಲು ಉಳಿಸಿದ್ದಕ್ಕಿಂತ ಹೆಚ್ಚು ಗ್ಯಾಸ್ ಖರ್ಚಾಗುತ್ತದೆ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಇದು ನಿಜವೇ? (ಟ್ರಾಯ್, ಮಿಷಿಗನ್)

ಉತ್ತರ: ಗ್ಯಾಸ್ ಫರ್ನೇಸಿನ ಮಟ್ಟಿಗೆ ನಿಜವಲ್ಲ. ಆದರೂ ಈ ನಂಬಿಕೆ ಎಷ್ಟು ಗಟ್ಟಿಯೆಂದರೆ, ಓದಿದವರೂ ಇದನ್ನು ಹೇಳುವುದನ್ನು ಕೇಳಿದ್ದೇನೆ. ತಳದಲ್ಲಿ ತೂತಿರುವ ಕೊಡವನ್ನು ನೆನೆಯಿರಿ. ನೀರು ಎತ್ತರಕ್ಕಿದ್ದಷ್ಟೂ ತೂತಿನಿಂದ ಜೋರಾಗಿ ಸೋರುತ್ತದೆ, ಮಟ್ಟ ಇಳಿದಂತೆ ಸೋರಿಕೆಯೂ ತಗ್ಗುತ್ತದೆ. ರಾತ್ರಿ ಮಟ್ಟವನ್ನು ಇಳಿಯಲು ಬಿಟ್ಟು ಬೆಳಿಗ್ಗೆ ಮತ್ತೆ ತುಂಬಿಸಿದರೆ ಒಮ್ಮೆಗೇ ಹೆಚ್ಚು ನೀರು ಹೊಯ್ಯಬೇಕಾಗುತ್ತದೆ ಎಂಬುದೇನೋ ಸರಿ, ಆದರೆ ರಾತ್ರಿಯಿಡೀ ಕಂಠಪೂರ್ತಿ ತುಂಬಿಟ್ಟುಕೊಳ್ಳಲು ಹೊಯ್ಯಬೇಕಾಗಿದ್ದ ನೀರಿಗಿಂತ ಅದು ಎಂದಿಗೂ ಕಡಿಮೆಯೇ. ಬೆಳಿಗ್ಗೆ ಫರ್ನೇಸು ಒಂದೇ ಸಮನೆ ಉರಿಯುವುದು ನಿಮ್ಮ ಯಜಮಾನರ ಕಿವಿಗೆ ಬೀಳುತ್ತದೆ. ರಾತ್ರಿ ಅದು ಸುಮ್ಮನಿದ್ದ ತಾಸುಗಳು ನಿದ್ದೆಯಲ್ಲಿ ಲೆಕ್ಕ ತಪ್ಪುತ್ತವೆ.

ಲೆಕ್ಕ ಹೀಗಿದೆ. ಮನೆಯಿಂದ ಹೊರಹೋಗುವ ಶಾಖ ಒಳಗಿನ ಮತ್ತು ಹೊರಗಿನ ಉಷ್ಣತೆಗಳ ಅಂತರಕ್ಕೆ ತಕ್ಕಂತೆ ಇರುತ್ತದೆ. ಹೊರಗೆ 20 ಫ್ಯಾರನ್‌ಹೀಟ್, ಒಳಗೆ 70 ಇದ್ದರೆ ಅಂತರ 50. ರಾತ್ರಿ 62ಕ್ಕೆ ಇಳಿಸಿದರೆ ಅಂತರ 42, ಅಂದರೆ ಮನೆ ತಣಿದ ಮೇಲೆ ಸೋರಿಕೆ ಶೇ. 16ರಷ್ಟು ಕಡಿಮೆ. ದಿನದ ಎಂಟು ತಾಸು ಹೀಗೆ ನಡೆದರೆ ಒಟ್ಟು ಖರ್ಚಿನಲ್ಲಿ ಸುಮಾರು ಶೇ. 5 ಉಳಿಯುತ್ತದೆ. ಹೊರಗೆ 40 ಇರುವ ಸೌಮ್ಯ ದಿನಗಳಲ್ಲಿ ಇದೇ ಎಂಟು ಡಿಗ್ರಿ ಶೇ. 9ರ ಸಮೀಪ ಬರುತ್ತದೆ. ದಿನಕ್ಕೆ ಎಂಟು ತಾಸು 7ರಿಂದ 10 ಡಿಗ್ರಿ ಇಳಿಸಿದರೆ ವರ್ಷಕ್ಕೆ ಶೇ. 10ರವರೆಗೆ ಉಳಿಸಬಹುದು ಎಂದು ಇಂಧನ ಇಲಾಖೆ ಹೇಳುವಾಗ ಆ "ವರೆಗೆ" ಎಂಬ ಪದವನ್ನು ಗಮನಿಸಿ. ಮಿಷಿಗನ್ನಿನ ಜನವರಿಯಲ್ಲಿ ಅದರ ಅರ್ಧ ಸಿಕ್ಕರೆ ತೃಪ್ತಿಪಡಬೇಕು.

ಹೆಚ್ಚಿನ ಉಳಿತಾಯ ಇರುವುದು ಕೊಡದ ತೂತನ್ನು ಮುಚ್ಚುವುದರಲ್ಲಿ, ಮತ್ತು ಅದನ್ನು ಹುಡುಕುವ ಸಾಧನ ನಿಮ್ಮ ದೇವರ ಗೂಡಿನಲ್ಲೇ ಇದೆ. ಗಾಳಿ ಬೀಸುತ್ತಿರುವ ದಿನ ಫರ್ನೇಸನ್ನೂ, ಗ್ಯಾಸಿನ ನೀರೊಲೆ ಇದ್ದರೆ ಅದನ್ನೂ ಆರಿಸಿ, ಅಡುಗೆಮನೆಯ ಮತ್ತು ಸ್ನಾನದ ಮನೆಯ ಎಕ್ಸಾಸ್ಟ್ ಫ್ಯಾನುಗಳನ್ನು ಹಾಕಿ, ಹಚ್ಚಿದ ಊದುಬತ್ತಿಯನ್ನು ಪರದೆಗೆ ತಾಗದಂತೆ ಕಿಟಕಿಯ ಚೌಕಟ್ಟು, ಹೊರಬಾಗಿಲಿನ ಅಡಿ ಮತ್ತು ಹೊರಗೋಡೆಯ ಪ್ಲಗ್ ಪಾಯಿಂಟುಗಳ ಬಳಿ ನಿಧಾನವಾಗಿ ಹಿಡಿಯುತ್ತಾ ಹೋಗಿ. ನೇರವಾಗಿ ಏರುತ್ತಿದ್ದ ಹೊಗೆಯ ಎಳೆ ಎಲ್ಲಿ ಮುರಿದು ಒಳಕ್ಕೆ ಬಾಗುತ್ತದೋ ಅಲ್ಲಿ ಚಳಿ ಒಳಬರುತ್ತಿದೆ ಎಂದು ತಿಳಿಯಿರಿ. ನಮ್ಮ ಮನೆಯಲ್ಲಿ ಹೊಗೆ ಹೆಚ್ಚು ಕುಣಿದದ್ದು ಅಟ್ಟಕ್ಕೆ ಹತ್ತುವ ಮುಚ್ಚಳದ ಸುತ್ತ. ಅದಕ್ಕೆ ಅಂಟಿಸಿದ ರಬ್ಬರ್ ಪಟ್ಟಿಯ ಬೆಲೆ ಒಂದು ಊಟದಷ್ಟೂ ಆಗಿರಲಿಲ್ಲ. ಒಗ್ಗರಣೆ ಮುಗಿದ ಮೇಲೂ ಅರ್ಧ ತಾಸು ತಿರುಗುತ್ತಿರುವ ಎಕ್ಸಾಸ್ಟ್ ಫ್ಯಾನು ಕೂಡ ನೀವು ಹಣ ಕೊಟ್ಟು ಕಾಯಿಸಿದ ಗಾಳಿಯನ್ನೇ ಹೊರಗೆ ತಳ್ಳುತ್ತಿರುತ್ತದೆ.

ಪ್ರಶ್ನೆ: ಬಳಸದ ಕೋಣೆಗಳಲ್ಲಿ ಬಿಸಿಗಾಳಿ ಬರುವ ಕಿಂಡಿಗಳನ್ನು (ವೆಂಟು) ಮುಚ್ಚಿದರೆ ಉಳಿತಾಯವಾಗುವುದಿಲ್ಲವೇ? (ಎಡಿಸನ್, ನ್ಯೂಜೆರ್ಸಿ)

ಉತ್ತರ: ಆಗುವುದಿಲ್ಲ ಎಂದೇ ತಿಳಿಯಿರಿ. ಕೊಳವೆಗಳೊಳಗೆ ಒತ್ತಡ ಹೆಚ್ಚಿ ಅವುಗಳ ಕೀಲುಗಳಿಂದ ಬಿಸಿಗಾಳಿ ಅಟ್ಟಕ್ಕೋ ನೆಲಮಾಳಿಗೆಗೋ ಸೋರುತ್ತದೆ, ಫರ್ನೇಸಿಗೂ ಅದು ಒಳ್ಳೆಯದಲ್ಲ. ಅದರ ಬದಲು ಫಿಲ್ಟರನ್ನು ಮೂರು ತಿಂಗಳಿಗೊಮ್ಮೆಯಾದರೂ ಬದಲಾಯಿಸಿ.

ಪ್ರಶ್ನೆ: ನಮ್ಮ ಹೊಸ ಮನೆಯಲ್ಲಿ ಹೀಟ್ ಪಂಪ್ ಇದೆ. ಬೆಳಿಗ್ಗೆ ಏರಿಸಿದಾಗಲೆಲ್ಲ ಪರದೆಯ ಮೇಲೆ "ಆಕ್ಸ್ ಹೀಟ್" ಎಂದು ಬರುತ್ತದೆ, ಜನವರಿಯ ವಿದ್ಯುತ್ ಬಿಲ್ಲು ನೋಡಿ ಗಾಬರಿಯಾಯಿತು. (ಕ್ಯಾರಿ, ನಾರ್ತ್ ಕೆರೊಲಿನಾ)

ಉತ್ತರ: ಮೇಲಿನ ಉತ್ತರದಲ್ಲಿ "ಗ್ಯಾಸ್ ಫರ್ನೇಸಿನ ಮಟ್ಟಿಗೆ" ಎಂದು ಬರೆದದ್ದು ನಿಮ್ಮಂಥವರನ್ನು ನೆನೆದೇ. ಹೀಟ್ ಪಂಪ್ ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಒಳಕ್ಕೆ ಸಾಗಿಸುತ್ತದೆ. ಆದ್ದರಿಂದ ಹೆಚ್ಚು ಚಳಿಯಿಲ್ಲದ ದಿನ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಶಾಖ ದೊರೆಯುತ್ತದೆ. ಆದರೆ ಒಮ್ಮೆಗೇ ಏಳೆಂಟು ಡಿಗ್ರಿ ಏರಿಸಬೇಕೆಂದು ಕೇಳಿದಾಗ ಅದು ಒಂಟಿಯಾಗಿ ನಿಭಾಯಿಸಲಾರದೆ, ಒಳಗಿರುವ ವಿದ್ಯುತ್ ಸುರುಳಿಗಳನ್ನು ನೆರವಿಗೆ ಕರೆಯುತ್ತದೆ. ಆಕ್ಸ್ ಹೀಟ್ ಎಂದರೆ ಅದೇ. ಅಲ್ಲಿ ಒಂದು ಯೂನಿಟ್ಟಿಗೆ ಸಿಗುವುದು ಒಂದೇ ಯೂನಿಟ್ ಶಾಖ. ರಾತ್ರಿ ಉಳಿಸಿದ್ದನ್ನು ಬೆಳಗಿನ ಒಂದು ತಾಸು ನುಂಗಿಬಿಡಬಹುದು.

ಹೀಗಾಗಿ ರಾತ್ರಿ ಎರಡು ಮೂರು ಡಿಗ್ರಿಗಿಂತ ಹೆಚ್ಚು ಇಳಿಸಬೇಡಿ, ಅಥವಾ ಒಂದೇ ಅಂಕಿಗೆ ಬಿಟ್ಟುಬಿಡಿ. ಹೀಟ್ ಪಂಪಿಗೆಂದೇ ತಯಾರಾದ ಥರ್ಮೋಸ್ಟಾಟ್ ಇದ್ದರೆ, ಬೆಳಿಗ್ಗೆ ಬಹಳ ಮುಂಚಿನಿಂದಲೇ ನಿಧಾನವಾಗಿ ಏರಿಸುವ ವ್ಯವಸ್ಥೆ ಅದರಲ್ಲಿರುತ್ತದೆ, ಅದನ್ನು ಚಾಲನೆಯಲ್ಲಿಡಿ. "ಎಮರ್ಜೆನ್ಸಿ ಹೀಟ್" ಎಂಬ ಆಯ್ಕೆ ಹೊರಗಿನ ಯಂತ್ರ ಕೆಟ್ಟಾಗ ಬಳಸಲು ಇರುವಂಥದ್ದು, ಚಳಿ ಹೆಚ್ಚಾಯಿತೆಂದು ಅದನ್ನು ಒತ್ತಬಾರದು. ಚಳಿಯ ಬೆಳಗಿನಲ್ಲಿ ಹೊರಗಿನ ಯಂತ್ರದಿಂದ ಆವಿ ಏಳುವುದನ್ನು ಕಂಡು ಬೆಂಕಿ ಹತ್ತಿತೆಂದು ಹೆದರಬೇಡಿ, ಅದು ತನ್ನ ಮೇಲೆ ಕಟ್ಟಿದ ಹಿಮವನ್ನು ಕರಗಿಸಿಕೊಳ್ಳುತ್ತಿರುತ್ತದೆ.

ಪ್ರಶ್ನೆ: ಡಿಸೆಂಬರಿನಲ್ಲಿ ಐದು ವಾರ ಬೆಂಗಳೂರಿಗೆ ಹೋಗುತ್ತಿದ್ದೇವೆ. ಯಾರೂ ಇಲ್ಲದ ಮನೆಗೆ ಬಿಸಿ ಏಕೆ, ಪೂರ್ತಿ ಆಫ್ ಮಾಡಬಹುದಲ್ಲವೇ? (ನೇಪರ್‌ವಿಲ್, ಇಲಿನಾಯ್)

ಉತ್ತರ: ದಯವಿಟ್ಟು ಮಾಡಬೇಡಿ. ಬಿಸಿ ಬೇಕಾಗಿರುವುದು ನಿಮಗಲ್ಲ, ಗೋಡೆಯೊಳಗಿನ ನೀರಿನ ಕೊಳವೆಗಳಿಗೆ. ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ, ಕೊಳವೆ ಸೀಳುತ್ತದೆ, ಕರಗಿದ ಮೇಲೆ ನೀರು ನಿಲ್ಲದೆ ಹರಿಯುತ್ತದೆ. 55 ಫ್ಯಾರನ್‌ಹೀಟಿಗಿಂತ, ಅಂದರೆ ಸುಮಾರು 13 ಸೆಲ್ಸಿಯಸ್‌ಗಿಂತ, ಕೆಳಗೆ ಇಳಿಸಬಾರದು. ನಾನೊಮ್ಮೆ ಜಾಣತನ ಮಾಡಿ 48ಕ್ಕೆ ಇಟ್ಟು ಊರಿಗೆ ಬಂದಿದ್ದೆ. ಥರ್ಮೋಸ್ಟಾಟ್ ಇದ್ದದ್ದು ಮನೆಯ ನಡುವಿನ ಓಣಿಯಲ್ಲಿ, ಅಲ್ಲಿ 48 ಇದ್ದಾಗ ಉತ್ತರದ ಹೊರಗೋಡೆಗೆ ಅಂಟಿದ ಸಿಂಕಿನ ಕೆಳಗಿನ ಕಪಾಟಿನಲ್ಲಿ ಎಷ್ಟಿತ್ತೋ! ಮರಳಿ ಬಂದಾಗ ಅಡುಗೆಮನೆಯ ಮರದ ನೆಲ ಹಪ್ಪಳದಂತೆ ಉಬ್ಬಿತ್ತು. ಐದು ವಾರದ ಗ್ಯಾಸಿನಲ್ಲಿ ಉಳಿಸಿದ್ದರ ಎಷ್ಟೋ ಪಟ್ಟು ಬಡಗಿಗೆ ಹೋಯಿತು.

ಹೊರಡುವ ದಿನ ಮುಖ್ಯ ವಾಲ್ವನ್ನು ಮುಚ್ಚಿ, ಎಲ್ಲ ನಲ್ಲಿಗಳನ್ನು ತೆರೆದು ಉಳಿದ ನೀರನ್ನು ಹರಿಯಬಿಡಿ. ಸಿಂಕಿನ ಕೆಳಗಿನ ಕಪಾಟುಗಳ ಬಾಗಿಲನ್ನು ತೆರೆದೇ ಇಡಿ, ತೋಟದ ಪೈಪನ್ನು ನಲ್ಲಿಯಿಂದ ಬಿಡಿಸಿಡಿ. ವಾರಕ್ಕೊಮ್ಮೆ ಒಳಗೆ ಹೋಗಿ ನೋಡಲು ಸ್ನೇಹಿತರೊಬ್ಬರ ಕೈಗೆ ಬೀಗದ ಕೈ ಕೊಡಿ, ಏಕೆಂದರೆ ವಿದ್ಯುತ್ ಹೋದರೆ ಫರ್ನೇಸೂ ನಿಲ್ಲುತ್ತದೆ. ಖಾಲಿ ಮನೆಯಲ್ಲಿ ಬಿಸಿಯನ್ನು ಆರಿಸಿ ಹೋದವರಿಗೆ ಅನೇಕ ವಿಮಾ ಪಾಲಿಸಿಗಳು ಪರಿಹಾರ ಕೊಡುವುದಿಲ್ಲ, ನಿಮ್ಮದನ್ನು ಒಮ್ಮೆ ಓದಿಕೊಳ್ಳಿ.

ಪ್ರಶ್ನೆ: ಬಾಡಿಗೆಯ ಅಪಾರ್ಟ್‌ಮೆಂಟಿನಲ್ಲಿ ಬಿಸಿ ಮಾಲೀಕರ ಕೈಯಲ್ಲಿದೆ, ಸಾಲದು. ಏನು ಮಾಡಬಹುದು? (ಕ್ವೀನ್ಸ್, ನ್ಯೂಯಾರ್ಕ್)

ಉತ್ತರ: ನಿಮ್ಮ ನಗರದಲ್ಲಿ ಇದಕ್ಕೆ ಕಾನೂನೇ ಇದೆ. ಅಕ್ಟೋಬರ್ 1ರಿಂದ ಮೇ 31ರವರೆಗೆ, ಬೆಳಿಗ್ಗೆ 6ರಿಂದ ರಾತ್ರಿ 10ರ ನಡುವೆ ಹೊರಗೆ 55ಕ್ಕಿಂತ ಕಡಿಮೆಯಿದ್ದರೆ ಒಳಗೆ ಕನಿಷ್ಠ 68 ಇರಬೇಕು, ರಾತ್ರಿ ಹೊರಗೆ ಎಷ್ಟೇ ಇರಲಿ ಒಳಗೆ 62 ಇರಬೇಕು. ಕೋಣೆಯಲ್ಲೊಂದು ಥರ್ಮಾಮೀಟರ್ ಇಟ್ಟು, ದಿನ ಮತ್ತು ಗಂಟೆಯೊಂದಿಗೆ ಬರೆದಿಟ್ಟುಕೊಂಡು ನಗರಾಡಳಿತದ ದೂರವಾಣಿ ಸಂಖ್ಯೆ 311ಕ್ಕೆ ದೂರು ಕೊಡಿ. ಗ್ಯಾಸ್ ಒಲೆಯನ್ನು ಹೊತ್ತಿಸಿಟ್ಟು ಕೋಣೆ ಕಾಯಿಸುವ ಕೆಲಸಕ್ಕೆ ಮಾತ್ರ ಕೈಹಾಕಬೇಡಿ.

ಪ್ರಶ್ನೆ: ಬೆಂಗಳೂರಿನಲ್ಲಿಯೂ ಈಗ ಚಳಿ. ತಾಯಿಗಾಗಿ 2,000 ವ್ಯಾಟಿನ ಹೀಟರ್ ಕೊಂಡರೆ ಗೃಹಜ್ಯೋತಿಯ ಮೇಲೆ ಪರಿಣಾಮವಾಗುತ್ತದೆಯೇ? (ಮಲ್ಲೇಶ್ವರ)

ಉತ್ತರ: ಆಗುವ ಸಾಧ್ಯತೆ ಬಹಳ. ಆ ಹೀಟರ್ ತಾಸಿಗೆ 2 ಯೂನಿಟ್ ಬಳಸುತ್ತದೆ, ದಿನಕ್ಕೆ ನಾಲ್ಕು ತಾಸು ಬಿಡದೆ ಉರಿದರೆ ತಿಂಗಳಿಗೆ 240 ಯೂನಿಟ್. ತಿಂಗಳ ಬಳಕೆ 200 ದಾಟಿದರೆ ಹೆಚ್ಚಿನ ಯೂನಿಟ್‌ಗಳಿಗೆ ಮಾತ್ರವಲ್ಲ, ಪೂರ್ತಿ ಬಿಲ್ಲಿಗೇ ಹಣ ಕಟ್ಟಬೇಕು. ಥರ್ಮೋಸ್ಟಾಟ್ ಇರುವ ಹೀಟರನ್ನೇ ಆರಿಸಿಕೊಂಡು, ತಾಯಿಯ ಕೋಣೆಯೊಂದರಲ್ಲಿ ಮಲಗುವ ಮುನ್ನ ಅರ್ಧ ತಾಸು ಹಾಕಿ ಆರಿಸಿದರೆ ತಿಂಗಳಿಗೆ 30 ಯೂನಿಟ್ಟಿನಲ್ಲಿ ಮುಗಿಯುತ್ತದೆ. ಖರ್ಚು ತಪ್ಪಿಸಲೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯೊಳಗೆ ಇಡಬೇಡಿ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಮಲಗಿದವರಿಗೆ ಅದು ತಿಳಿಯುವುದೇ ಇಲ್ಲ.