ಚಪ್ಪರದ ಬಾಗಿಲಲ್ಲಿ ‘ತಾವು ಯಾರು?’

(ದಾವಣಗೆರೆ ಮಂಡಿಪೇಟೆಯ ವ್ಯಾಪಾರಿಯೊಬ್ಬರ ಪತ್ರದ ಸಾರ: ಸ್ಪ್ಯಾಮ್ ಕಾಟ ತಾಳಲಾರದೆ, ಹೊಸಬರ ಮೇಲ್ ಬಂದೊಡನೆ ‘ಕಳಿಸಿದವರು ನೀವೇ ಎಂದು ಲಿಂಕ್ ಒತ್ತಿ ಖಚಿತಪಡಿಸಿ’ ಎಂಬ ಉತ್ತರ ತಾನಾಗಿ ಹೋಗಿ, ಅವರು ಒತ್ತುವವರೆಗೆ ಮೇಲನ್ನು ತಡೆದಿಡುವ ವ್ಯವಸ್ಥೆ ಮಾಡಿಕೊಂಡೆ. ಕಸ ನಿಂತಿತು, ಆದರೆ ಚಿತ್ರದುರ್ಗದ ಹಳೆಯ ಗಿರಾಕಿಯೊಬ್ಬರು ಮುನಿಸಿಕೊಂಡಿದ್ದಾರೆ. ಒಂದು ಸಲ ಒತ್ತುವುದಕ್ಕೆ ಇಷ್ಟು ಬಿಗುಮಾನವೇಕೆ?)

ಮಾನ್ಯರೇ,

ತಮ್ಮ ಪತ್ರ ಮುಟ್ಟಿದೆಯೆಂದು ನಾವು ಕಳಿಸಿದ ಎರಡು ಸಾಲಿನ ಮೇಲ್‌ಗೂ ಅದೇ ಪ್ರಶ್ನೆ ಬಂದಿತು. ಮೊದಲು ಬರೆದವರು ತಾವೇ ಆದ್ದರಿಂದ, ಮದುವೆಗೆ ಕರೆದವರೇ ಚಪ್ಪರದ ಬಾಗಿಲಲ್ಲಿ ನಿಂತು ‘ತಾವು ಯಾರು?’ ಎಂದು ಕೇಳಿದಂತಾಯಿತು. ನಾವೇನೋ ಲಿಂಕ್ ಒತ್ತಿದೆವು. ಆದರೆ ತಮ್ಮ ಗಿರಾಕಿಯದು ಬರಿಯ ಬಿಗುಮಾನವೆಂದು ತಳ್ಳಿಹಾಕಲು ಮನಸ್ಸಾಗದು. ಗುರುತಿಲ್ಲದ ಲಿಂಕ್ ಒತ್ತಬೇಡಿರೆಂದು ಬ್ಯಾಂಕಿನವರು ಪದೇಪದೇ ಎಚ್ಚರಿಸುವ ಕಾಲವಿದು. ತಮ್ಮ ಗಿರಾಕಿ ಹೆದರಿಯೂ ಇರಬಹುದು.

ಆದರೆ ಇದಕ್ಕಿಂತ ದೊಡ್ಡ ತೊಂದರೆ ತಮ್ಮ ಕಣ್ಣಿಗೆ ಬೀಳದ ಕಡೆ ಇದೆ. ಮೇಲ್ ಸಾಗಿಸುವ ರೀತಿಯನ್ನು ಗೊತ್ತುಪಡಿಸಿ 1982ರಲ್ಲಿ ಪ್ರಕಟವಾದ ಎಸ್‌ಎಂಟಿಪಿ ಎಂಬ ನಿಯಮಾವಳಿಯಲ್ಲಿ, ಕಳಿಸಿದವರ ವಿಳಾಸ ನಿಜವೇ ಎಂದು ಪರೀಕ್ಷಿಸುವ ಏರ್ಪಾಡು ಇರಲಿಲ್ಲ. ಹೀಗಾಗಿ ಸ್ಪ್ಯಾಮ್ ಹರಡುವವನು ಇನ್ನಾರದೋ ವಿಳಾಸ ಹಾಕಿ ಕಳಿಸುತ್ತಾನೆ, ತಮ್ಮ ಪ್ರಶ್ನೆ ಹೋಗುವುದು ಆ ನಿರಪರಾಧಿಗೆ. ತಾನು ಬರೆಯದ ಪತ್ರಕ್ಕೆ ಜವಾಬು ಹೇಳಬೇಕಾದ ಆತನ ಪಾಲಿಗೆ ತಾವೇ ಸ್ಪ್ಯಾಮ್ ಕಳಿಸುವವರು. ರೇಗಿದ ಕೆಲವರು ಬೇಕೆಂದೇ ಲಿಂಕ್ ಒತ್ತಿ ಆ ಕಸವನ್ನು ಒಳಗೆ ಬಿಡುವುದೂ ಉಂಟು. ಅವರನ್ನು ದೂರಲು ನಮಗೆ ಬಾಯಿ ಬಾರದು. 2003ರಲ್ಲಿ ಇಂಟರ್ನೆಟ್ ಸಂಪರ್ಕ ಒದಗಿಸುವ ಅಮೆರಿಕದ ಅರ್ಥ್‌ಲಿಂಕ್ ಸಂಸ್ಥೆ ತನ್ನ ಚಂದಾದಾರರಿಗೆ ಇಂಥದೇ ಸೌಲಭ್ಯ ಕೊಟ್ಟಾಗಲೂ ಆಕ್ಷೇಪಗಳು ಎದ್ದಿದ್ದವು. ಬರೆದವರು, ಪಡೆದವರು ಇಬ್ಬರೂ ಇದೇ ಬೀಗ ಹಾಕಿಕೊಂಡಿದ್ದರಂತೂ ಒಬ್ಬರ ಪ್ರಶ್ನೆಯನ್ನು ಇನ್ನೊಬ್ಬರ ಪ್ರಶ್ನೆ ತಡೆದು, ಎರಡೂ ಬಾಗಿಲಾಚೆಯೇ ಉಳಿಯಬಹುದು.

ಈಗ ಈ ವಿಚಾರಣೆಯ ಬಹುಪಾಲನ್ನು ಮೇಲ್ ಸಾಗಿಸುವ ಸರ್ವರ್‌ಗಳೇ, ಕಳಿಸಿದ ವಿಳಾಸ ನಿಜವೇ ಎಂದು ಪರೀಕ್ಷಿಸುವ ಎಸ್‌ಪಿಎಫ್, ಡಿಕಿಮ್ ಎಂಬ ಕ್ರಮಗಳಿಂದ ತಮ್ಮತಮ್ಮಲ್ಲಿ ಮುಗಿಸುತ್ತವೆ. ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್‌ಗಳನ್ನು ಜಿಮೇಲ್ ಖಾತೆಗಳಿಗೆ ಕಳಿಸುವವರಿಗೆ ಗೂಗಲ್ 2024ರ ಫೆಬ್ರುವರಿಯಿಂದ ಇವನ್ನು ಕಡ್ಡಾಯ ಮಾಡಿದೆ. ಅಲ್ಲಿ ಉತ್ತೀರ್ಣವಾದ ಮೇಲ್ ಸ್ಪ್ಯಾಮ್ ಅಲ್ಲವೆಂದೇನೂ ಅರ್ಥವಲ್ಲ, ವಿಳಾಸದ ಸುಳ್ಳು ಮಾತ್ರ ಹೊರಬೀಳುತ್ತದೆ. ಉಳಿದದ್ದಕ್ಕೆ ಸಾಮಾನ್ಯ ಸ್ಪ್ಯಾಮ್ ಫಿಲ್ಟರ್ ಸಾಕೆಂಬುದು ನಮ್ಮ ಅಭಿಪ್ರಾಯ.

ಈ ವ್ಯವಸ್ಥೆಯನ್ನು ಬಿಡಲು ತಮಗೆ ಮನಸ್ಸಿಲ್ಲದಿದ್ದರೆ, ತಾವು ಪತ್ರ ಬರೆದವರ ಮತ್ತು ಹಳೆಯ ಗಿರಾಕಿಗಳ ವಿಳಾಸಗಳನ್ನಾದರೂ, ಪ್ರಶ್ನೆಯಿಲ್ಲದೆ ಒಳಬಿಡುವ ಅನುಮತಿ ಪಟ್ಟಿಗೆ ಸೇರಿಸಿರಿ. ತಡೆಹಿಡಿದ ಮೇಲ್‌ಗಳನ್ನೂ ಇಂದೇ ಒಮ್ಮೆ ತೆರೆದು ನೋಡಿರಿ. ರೈಲಿನ ಟಿಕೆಟ್, ವಿಮೆಯ ರಸೀದಿಗಳನ್ನು ಕಳಿಸುವುದು ಯಂತ್ರ, ಅದು ಯಾವ ಲಿಂಕನ್ನೂ ಒತ್ತುವುದಿಲ್ಲ.

– ಸಂ.