ಸ್ವರಲಿಪಿ ನೋಡಿ ಹಾಡಲು ಬರುತ್ತಿಲ್ಲವೇ?

ಪ್ರಶ್ನೆ: ಕರ್ನಾಟಕ ಸಂಗೀತದ ಆರಂಭದ ಪಾಠಗಳಾದ ಸರಳೆ, ಜಂಟಿ ವರಸೆಗಳು ಮೂರು ಕಾಲದಲ್ಲೂ (ವೇಗದಲ್ಲೂ) ಬರುತ್ತವೆ. ಹೊಸ ಗೀತೆಯ ಸ್ವರಲಿಪಿ (ಸ್ವರಗಳನ್ನು ಬರೆದಿಟ್ಟ ರೂಪ) ಎದುರಿಗಿಟ್ಟರೆ ಮಾತ್ರ ತಡವರಿಸುತ್ತೇನೆ. ಏನು ಮಾಡಲಿ?

ಉತ್ತರ: ಸರಳೆಯಲ್ಲಿ ಸ್ವರಗಳು ಹೆಚ್ಚಾಗಿ ಅಕ್ಕಪಕ್ಕದಲ್ಲೇ ಬರುತ್ತವೆ. ನಾಲಿಗೆಗೆ ಕ್ರಮ ಗೊತ್ತು, ಕಿವಿಗೆ ಜಾಗ ಗೊತ್ತಿಲ್ಲ. ತಂಬೂರಿ ಶ್ರುತಿಯಲ್ಲಿ ಮೊದಲು ಸ–ಪ–ಸ, ಆಮೇಲೆ ಸ–ಗ, ಸ–ಮ, ಸ–ದ ನೇರವಾಗಿ ಹಿಡಿಯಿರಿ. ಸಿಗದಿದ್ದರೆ ನಡುವಿನ ಸ್ವರಗಳನ್ನು ಮನಸ್ಸಿನಲ್ಲೇ ಹಾಡಿಕೊಂಡು ತಲುಪಿ. ಈ ವರಸೆಗಳನ್ನು ಹಾಡುವ ಮಾಯಾಮಾಳವಗೌಳ ರಾಗದಲ್ಲಿ ಸಾಮಾನ್ಯವಾಗಿ ಕೆಡುವುದು ರಿಷಭ (ರಿ): ಮುಂದಿನ ಅಂತರ ಗಾಂಧಾರ (ಗ) ದೂರವಿರುವುದರಿಂದ ಗಂಟಲು ರಿಯನ್ನೂ ಮೇಲಕ್ಕೆಳೆಯುತ್ತದೆ. ಗ–ರಿ–ಸ ಎಂದು ಇಳಿಯುತ್ತಾ ಸರಿಪಡಿಸಿಕೊಳ್ಳಿ. ಕೀಬೋರ್ಡನ್ನು ಹಾಡಿದ ಮೇಲೆ ತಾಳೆ ನೋಡಲಷ್ಟೇ ಬಳಸಿ. ಒತ್ತುತ್ತಲೇ ಹಾಡಿದರೆ ಕಿವಿ ಕೆಲಸವನ್ನೇ ಮಾಡುವುದಿಲ್ಲ. ಸ್ವರಗಳನ್ನು ದಾಟಿ ಹಾಡುವ ಪಾಠವಾದ ದಾಟು ವರಸೆ ಇರುವುದೇ ಈ ಜಿಗಿತಗಳಿಗಾಗಿ. ಅದನ್ನು ಬಿಟ್ಟು ಗೀತೆಗೆ ಹೋಗುವ ಅವಸರವೇಕೋ!

ಹೊಸ ಲಿಪಿಗೆ ಮಲಹರಿ ರಾಗದ ಗೀತೆ ಆರಿಸಿಕೊಳ್ಳಿ. ಸ್ವರಸ್ಥಾನಗಳು ಮಾಯಾಮಾಳವಗೌಳದವೇ, ನಿಷಾದ (ನಿ) ಮಾತ್ರ ಇಲ್ಲ. ಏರುವಾಗ ಗಾಂಧಾರವೂ ಇಲ್ಲದ್ದರಿಂದ ರಿ–ಮ ಜಿಗಿತ ಮೊದಲೇ ಅಭ್ಯಾಸವಾಗಿರಲಿ. ತಾಳ ಹಾಕುತ್ತಾ ಸ್ವರಾಕ್ಷರಗಳನ್ನು ಬರೀ ಓದಿ: ಅಲ್ಪವಿರಾಮ (,) ಬಂದರೆ ಹಿಂದಿನ ಸ್ವರವನ್ನು ಒಂದಕ್ಷರ, ಅರ್ಧವಿರಾಮಕ್ಕೆ (;) ಎರಡಕ್ಷರ ಎಳೆಯಬೇಕು. ಲಯ ಗಟ್ಟಿಯಾದ ಮೇಲೆ ಸ್ವರ ಹಾಡಿ, ಸಾಹಿತ್ಯ ಕೊನೆಗೆ.