ಸೋತವ್ರು ಮುಂದಿನ ವಾರಾನೂ ಬರ್ಬೇಕು ಅಂದ್ರೆ ಲೀಗ್ ಹೆಂಗಿರ್ಬೇಕು?

ಈ ಸಲ ಕೇರಂ, ಇಸ್ಪೀಟು, ಚೌಕಾಬಾರ ಅಂತ ಒಳಾಂಗಣ ಆಟಗಳ ಬಗ್ಗೇನೇ ಜಾಸ್ತಿ ಪತ್ರ ಬಂದಿವೆ, ಹಂಗಾಗಿ ಈ ಕಂತು ಪೂರ್ತಿ ಅದಕ್ಕೇ.

ಪ್ರಶ್ನೆ: ನಮಸ್ಕಾರ ಸರ್. ನಮ್ದು ಮೈಸೂರಿನ ಒಂದು ಬಡಾವಣೆ. ರಿಟೈರ್ ಆದವ್ರು, ಕೆಲಸಕ್ಕೆ ಹೋಗೋರು, ಕಾಲೇಜು ಹುಡುಗ್ರು ಸೇರಿ 14 ಜನ ಇದೀವಿ. ಹೋದ ವರ್ಷ ಕೇರಂ ಟೂರ್ನಮೆಂಟ್ ಮಾಡಿದ್ವಿ. ಮೊದಲನೇ ದಿನ ತುಂಬಾ ಜನ, ಫೈನಲ್ ದಿನ ನೋಡೋಕೂ ಯಾರೂ ಇರ್ಲಿಲ್ಲ. ಈ ವರ್ಷ ಲೀಗ್ ಮಾಡಣ ಅಂತಿದೀವಿ, ಹೆಂಗೆ ಶುರು ಮಾಡೋದು?

ಉತ್ತರ: ನೀವು ಮಾಡಿದ್ದು ನಾಕೌಟ್ ಇರ್ಬೇಕು. ಅದ್ರಲ್ಲಿ ಆಗೋದೇ ಇದು. 16 ಜನ ಇದ್ರೆ ಮೊದಲ ರೌಂಡಲ್ಲೇ 8 ಜನ ಮನೆಗೆ, ಅದೂ ಒಂದೇ ಒಂದು ಮ್ಯಾಚ್ ಆಡಿ. ಆಫೀಸಿಂದ ಸುಸ್ತಾಗಿ ಬಂದು, ಪೌಡರ್ ಹಾಕ್ಕೊಂಡು, ಕೈ ಸೆಟ್ ಆಗೋ ಅಷ್ಟರಲ್ಲಿ ಆಟ ಮುಗ್ದಿರತ್ತೆ, ಆಮೇಲೆ ಅವ್ರು ಯಾಕ್ರೀ ಬರ್ತಾರೆ? ಗೆಲ್ಲೋರು ಯಾವ ಪದ್ಧತಿ ಇಟ್ರೂ ಬರ್ತಾರೆ. ಕೊನೇ ಸ್ಥಾನದಲ್ಲಿ ಇರೋರು ಹತ್ತನೇ ವಾರಕ್ಕೂ ಬರ್ಬೇಕು, ಲೀಗ್ ಕಟ್ಟೋವಾಗ ನಾನು ಮೊದ್ಲು ನೋಡೋದು ಅದನ್ನೇ.

ಆದ್ರಿಂದ ಎಲ್ಲರೂ ಎಲ್ಲರ ಜೊತೆ ಒಂದೊಂದು ಸಲ ಆಡೋ ರೌಂಡ್ ರಾಬಿನ್ ಇಟ್ಕೊಳ್ಳಿ. 14 ಜನಕ್ಕೆ ಒಟ್ಟು 91 ಮ್ಯಾಚ್ ಆಗತ್ತೆ, ಕೇಳಿದ್ರೆ ಗಾಬರಿ ಆಗತ್ತೆ, ಆದ್ರೆ ವಾರಕ್ಕೆ 7 ಮ್ಯಾಚ್ ಅಂದ್ರೆ 13 ವಾರಕ್ಕೆ ಮುಗೀತು, ಅಂದ್ರೆ ಮೂರು ತಿಂಗಳು. ಯಾರ ಎದುರು ಯಾರು ಅಂತ ಕಂಡುಹಿಡಿಯೋಕೆ ಸಾಫ್ಟ್‌ವೇರ್ ಏನೂ ಬೇಡ. ಒಂದು ಹಾಳೇಲಿ ಮೇಲಿನ ಸಾಲಲ್ಲಿ ಎಡದಿಂದ 1ರಿಂದ 7, ಕೆಳಗಿನ ಸಾಲಲ್ಲಿ ಎಡದಿಂದ 14, 13, 12 ಅಂತ 8ರವರೆಗೆ ಬರೀರಿ. ಮೇಲೆ ಕೆಳಗೆ ಎದುರುಬದುರು ಬಂದವ್ರು ಆ ವಾರ ಆಡ್ಬೇಕು. ಮುಂದಿನ ವಾರ 1ನೇಯವ್ರನ್ನ ಅಲ್ಲೇ ಬಿಟ್ಟು ಮಿಕ್ಕ ಎಲ್ಲರನ್ನೂ ಒಂದೇ ದಿಕ್ಕಿಗೆ ಒಂದೊಂದು ಜಾಗ ಸುತ್ತಿಸಿ. ಹಿಂಗೇ 13 ವಾರ ಆಡಿಸಿದ್ರೆ ಒಂದು ಜೋಡೀನೂ ರಿಪೀಟ್ ಆಗಲ್ಲ, ಒಂದೂ ತಪ್ಪಲ್ಲ. 13 ಜನ ಇದ್ರೆ 14ನೇ ಜಾಗದಲ್ಲಿ 'ರಜೆ' ಅಂತ ಬರೀರಿ, ಅದಕ್ಕೆ ಎದುರು ಬಂದವ್ರಿಗೆ ಆ ವಾರ ಬಿಡುವು.

ಪಾಯಿಂಟ್ಸ್ ವಿಷಯದಲ್ಲಿ ನನ್ನದೊಂದು ಹಠ ಇದೆ. ಗೆದ್ರೆ 3, ಸಮ ಆದ್ರೆ 2, ಬಂದು ಆಡಿ ಸೋತ್ರೂ 1, ಹೇಳದೆ ಕೇಳದೆ ಬರ್ದೇ ಇದ್ರೆ ಮಾತ್ರ ಸೊನ್ನೆ. ಬಂದಿದ್ದಕ್ಕೇ ಒಂದು ಪಾಯಿಂಟ್ ಸಿಕ್ಕತ್ತೆ ಅಂದ್ರೆ ಸೋಲೋರ ಹೆಸರ ಮುಂದೂ ವಾರ ವಾರ ಲೆಕ್ಕ ಏರ್ತಾ ಇರತ್ತೆ. ಬರೋಕಾಗಲ್ಲ ಅಂತ ಹಿಂದಿನ ದಿನವೇ ಫೋನ್ ಮಾಡಿ ಹೇಳಿದೋರಿಗೆ ಆ ಮ್ಯಾಚ್ ಬೇರೆ ದಿನ ಆಡಿಸಿ, ಆದ್ರೆ ಬಾಕಿ ಮ್ಯಾಚ್ ಎರಡಕ್ಕಿಂತ ಜಾಸ್ತಿ ಇಟ್ಕೋಬಾರ್ದು ಅಂತ ಮೊದಲೇ ಹೇಳ್ಬಿಡಿ, ಇಲ್ಲಾಂದ್ರೆ ಕೊನೇಲಿ ಎಲ್ಲಾ ಒಟ್ಟಿಗೆ ಬಂದು ಬೀಳತ್ತೆ.

ಇನ್ನು ಟೈಮು. ಅಂತರರಾಷ್ಟ್ರೀಯ ಕೇರಂ ಫೆಡರೇಷನ್ ನಿಯಮದಲ್ಲಿ ಒಂದು ಗೇಮ್ ಅಂದ್ರೆ 25 ಪಾಯಿಂಟ್ ಅಥವಾ 8 ಬೋರ್ಡ್ (ಕಾಯಿನ್ ಜೋಡಿಸಿ ಆಡಿ ಮುಗಿಸೋ ಒಂದೊಂದು ಸುತ್ತು), ಯಾವ್ದು ಮೊದ್ಲು ಆಗತ್ತೋ ಅದು. ವಾರದ ಮಧ್ಯೆ ಸಂಜೆ ಏಳು ಗಂಟೆಗೆ ಸೇರೋರಿಗೆ ಇದು ಉದ್ದ ಆಯ್ತು. 4 ಬೋರ್ಡ್‌ಗೆ ನಿಲ್ಸಿ, ಯಾರಿಗೆ ಪಾಯಿಂಟ್ ಜಾಸ್ತಿ ಇದ್ಯೋ ಅವ್ರು ಗೆದ್ದ ಹಾಗೆ. ರೆಡ್‌ಗೆ 3 ಪಾಯಿಂಟ್, 22 ಮುಟ್ಟಿದೋರಿಗೆ ರೆಡ್ ಪಾಯಿಂಟ್ ಇಲ್ಲ. ನಿಮ್ ಬಡಾವಣೇಲಿ ಬೇರೆ ಲೆಕ್ಕ ಇದ್ರೆ ಅದನ್ನೇ ಇಟ್ಕೊಳ್ಳಿ, ಆದ್ರೆ ಫೈನ್ ಎಷ್ಟು, ರೆಡ್ ಹಾಕಿ ಫಾಲೋ (ಅದ್ರ ಹಿಂದೇನೇ ಹಾಕ್ಬೇಕಾದ ತನ್ನ ಕಾಯಿನ್) ಬೀಳ್ದಿದ್ರೆ ಏನು, ಕಾಯಿನ್ ಬೋರ್ಡಿಂದ ಆಚೆ ಹಾರಿದ್ರೆ ಎಲ್ಲಿಡ್ಬೇಕು, ಇಷ್ಟನ್ನ ಒಂದು ಪುಟದಲ್ಲಿ ಬರೆದು ಗೋಡೆಗೆ ಅಂಟಿಸಿ. ಜಗಳ ಆಗೋದೆಲ್ಲಾ ಈ ಮೂರರಲ್ಲೇ.

ಪ್ರಶ್ನೆ: ಕಾಸರಗೋಡಿನಿಂದ ಬರೀತಿದ್ದೇನೆ. ನಾವು 8 ಮಂದಿ ಶನಿವಾರ ಇಸ್ಪೀಟಿನಲ್ಲಿ ಇಪ್ಪತ್ತೆಂಟು ಅನ್ನುವ ಆಟ ಆಡ್ತೇವೆ. ಇಬ್ಬರು ಮಾವಂದಿರು ಯಾವಾಗ್ಲೂ ಒಂದೇ ಜೋಡಿ, ಅವರ ಎದುರು ಯಾರಿಗೂ ಗೆಲ್ಲಲಿಕ್ಕೆ ಆಗುದಿಲ್ಲ. ಹಿರಿಯರಿಗೆ ಹೇಳುದು ಹೇಗೆ?

ಉತ್ತರ: ನೀವೇನೂ ಹೇಳ್ಬೇಡಿ, ಪಟ್ಟಿ ಹೇಳ್ಲಿ. ಇಪ್ಪತ್ತೆಂಟಲ್ಲಿ ಜೋಡಿ ಅನ್ನೋದೇ ಅರ್ಧ ಆಟ. ಬಣ್ಣಕ್ಕೆ ಗುಲಾಮ 3, ಒಂಬತ್ತು 2, ಎಕ್ಕ 1, ಹತ್ತು 1, ಒಟ್ಟು 7, ನಾಲ್ಕು ಬಣ್ಣ ಸೇರಿ 28. ಇಷ್ಟು ಚಿಕ್ಕ ಲೆಕ್ಕದಲ್ಲಿ ಇಪ್ಪತ್ತು ವರ್ಷ ಜೊತೆಗೆ ಆಡಿದೋರು ಒಬ್ಬರ ಕೂಗು (ಇಷ್ಟು ಪಾಯಿಂಟ್ ಮಾಡ್ತೀನಿ ಅನ್ನೋ ಸವಾಲು) ಕೇಳಿದ ಕೂಡ್ಲೇ ಇನ್ನೊಬ್ಬರು ಕೈಯಲ್ಲಿ ಏನಿದೆ ಅಂತ ಊಹೆ ಮಾಡ್ತಾರೆ. ಅದು ಮೋಸ ಅಲ್ಲ, ಅಭ್ಯಾಸ. ಆದ್ರೆ ಲೀಗಿಗೆ ಒಳ್ಳೇದಲ್ಲ.

8 ಜನಕ್ಕೆ ಒಂದು ಚಂದದ ಪಟ್ಟಿ ಇದೆ, ನಂಗೆ ತುಂಬಾ ಇಷ್ಟ ಅದು. ಎಲ್ಲರಿಗೂ ಚೀಟಿ ಎತ್ತಿಸಿ 1ರಿಂದ 8 ನಂಬರ್ ಕೊಡಿ. ಮೊದಲ ವಾರ ಒಂದನೇ ಟೇಬಲಲ್ಲಿ 8–7 ಜೋಡಿ, ಎದುರು 4–5. ಎರಡನೇ ಟೇಬಲಲ್ಲಿ 1–3 ಜೋಡಿ, ಎದುರು 2–6. ಮುಂದಿನ ವಾರ 8ನ್ನ ಹಂಗೇ ಬಿಟ್ಟು ಮಿಕ್ಕ ಎಲ್ಲಾ ನಂಬರಿಗೂ ಒಂದು ಕೂಡ್ಸಿ, 7 ಇದ್ದದ್ದು 1 ಆಗತ್ತೆ. ಅಂದ್ರೆ 8–1 ಎದುರು 5–6, ಮತ್ತೆ 2–4 ಎದುರು 3–7. ಹಿಂಗೆ 7 ವಾರ. ಪ್ರತಿಯೊಬ್ರೂ ಮಿಕ್ಕ ಏಳೂ ಜನಕ್ಕೆ ಒಂದೊಂದು ಸಲ ಜೋಡಿ ಆಗ್ತಾರೆ, ಎರಡೆರಡು ಸಲ ಎದುರಾಳಿ ಆಗ್ತಾರೆ, ಒಂದೂ ಹೆಚ್ಚಿಲ್ಲ ಕಮ್ಮಿ ಇಲ್ಲ. ಬೇಕಾದ್ರೆ ಒಂದು ಹಾಳೇಲಿ ಏಳೂ ವಾರ ಬರೆದು ಎಣಿಸಿ ನೋಡಿ.

ವಾರಕ್ಕೆ 8 ಆಟ ಹಾಕಿ, ಆಗ ನಾಲ್ಕೂ ಜನ ಎರಡೆರಡು ಸಲ ಎಲೆ ಹಂಚ್ತಾರೆ. ಜೋಡಿ ಗೆದ್ದ ಆಟ ಇಬ್ಬರ ಹೆಸರಿಗೂ ಬೇರೆ ಬೇರೆ ಬರ್ಕೊಳ್ಳಿ, ಕೊನೇಲಿ ಚಾಂಪಿಯನ್ ಒಬ್ರೇ. ಮಾವಂದಿರಿಬ್ರೂ ಒಂದು ವಾರ ಜೊತೆಗೆ ಆಡೇ ಆಡ್ತಾರೆ, ಎರಡು ವಾರ ಒಬ್ಬರ ಎದುರು ಒಬ್ಬರು ಕೂರ್ತಾರೆ, ಆ ಎರಡು ಶನಿವಾರ ಟೇಬಲ್ ಸುತ್ತ ನಿಂತು ನೋಡೋರೇ ಜಾಸ್ತಿ ಇರ್ತಾರೆ ನೋಡಿ. ಕಲಿಯೋರಿಗೂ ಇದ್ರಿಂದ ಲಾಭ, ಒಳ್ಳೇ ಆಟಗಾರರ ಪಕ್ಷದಲ್ಲಿ ಕೂತು ಆಡೋ ಅವಕಾಶ ಅವ್ರಿಗೆ ಬೇರೆ ಹೆಂಗೆ ಸಿಕ್ಕೀತು?

ಪ್ರಶ್ನೆ: ಆಟಕ್ಕೆ ಹತ್ತು ಇಪ್ಪತ್ತು ರೂಪಾಯಿ ಇಟ್ರೆ ಮಜಾ ಬರುತ್ತೆ ಅಂತ ಕೆಲವರ ವಾದ. ರಮ್ಮಿ ಜೂಜಲ್ಲ ಅಂತ ಕೋರ್ಟೇ ಹೇಳಿದ್ಯಂತಲ್ಲ? (ದಾವಣಗೆರೆ)

ಉತ್ತರ: ಬೇಡ. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿ ಮುಖ್ಯವಾಗಿ ಕೌಶಲ್ಯದ ಆಟ ಅಂದಿದ್ದು ನಿಜ, ಆದ್ರೆ ಅದೇ ತೀರ್ಪಲ್ಲಿ ಪಣ ಇಟ್ಟು ಆಡೋ ಆಟದಿಂದ ಜಾಗದವ್ರೋ ಕ್ಲಬ್ಬಿನವ್ರೋ ಲಾಭ ಮಾಡ್ಕೊಂಡ್ರೆ ಅಪರಾಧ ಆಗಬಹುದು ಅಂತಾನೂ ಇದೆ, ಅದನ್ನ ಯಾರೂ ಹೇಳಲ್ಲ. ಮೊಬೈಲಲ್ಲಿ ದುಡ್ಡಿಟ್ಟು ಆಡೋ ಆಟಗಳನ್ನಂತೂ 2025ರಲ್ಲಿ ಸಂಸತ್ತೇ ಕಾನೂನು ತಂದು ನಿಷೇಧ ಮಾಡಿದೆ. ಕಾನೂನು ಬಿಡಿ, ಹತ್ತು ರೂಪಾಯಿ ಇಟ್ಟ ಆಟ ಸಂಕ್ರಾಂತಿ ಹೊತ್ತಿಗೆ ನೂರಾಗತ್ತೆ, ಮನೆ ಹೆಂಗಸರು ಮಕ್ಕಳನ್ನ ಕಳಿಸೋದು ನಿಲ್ಲಿಸ್ತಾರೆ, ಅಲ್ಲಿಗೆ ಸ್ನೇಹದ ಲೀಗ್ ಮುಗೀತು. ಪೌಡರ್, ಹೊಸ ಪ್ಯಾಕು, ಟೀ ಖರ್ಚಿಗೆ ಎಲ್ಲರ ಹತ್ರ ಒಂದೇ ಸಮ ಚಂದಾ ಎತ್ತಿ, ಲೆಕ್ಕ ಗ್ರೂಪಲ್ಲಿ ಹಾಕಿ, ಉಳಿದ್ರೆ ಕೊನೇ ದಿನ ಎಲ್ಲರಿಗೂ ಊಟ.

ಪ್ರಶ್ನೆ: ಶಾಲೇಲಿ 32 ಮಕ್ಕಳಿಗೆ ಚೆಸ್ ಲೀಗ್ ಮಾಡ್ಬೇಕು, ಎಲ್ಲರ ಜೊತೆ ಎಲ್ಲರೂ ಆಡ್ಸೋಕೆ ಟೈಮಿಲ್ಲ. (ಶಿಕ್ಷಕಿ, ಶಿರಸಿ)

ಉತ್ತರ: ಮೇಡಂ, 32 ಜನಕ್ಕೆ ರೌಂಡ್ ರಾಬಿನ್ ಅಂದ್ರೆ 496 ಆಟ, ಆಗದ ಮಾತು. ಸ್ವಿಸ್ ಪದ್ಧತಿ ಹಿಡೀರಿ, 1895ರಲ್ಲಿ ಜ್ಯೂರಿಕ್‌ನ ಚೆಸ್ ಸ್ಪರ್ಧೆಗೆ ಅಂತ ಬಂದದ್ದು. ಯಾರೂ ಔಟ್ ಆಗಲ್ಲ, ಪ್ರತಿ ರೌಂಡಲ್ಲೂ ಸಮ ಪಾಯಿಂಟ್ ಇರೋರನ್ನ ಜೋಡಿಸ್ತಾ ಹೋಗೋದು, ಒಮ್ಮೆ ಆಡಿದೋರು ಮತ್ತೆ ಎದುರಾಗಬಾರ್ದು. 5 ರೌಂಡ್ ಸಾಕು. ಮೊದಲೆರಡು ಆಟ ಸೋತ ಮಗೂಗೆ ಮೂರನೇ ಆಟದಲ್ಲಿ ತನ್ನಷ್ಟೇ ಆಡೋ ಮಗು ಸಿಕ್ಕತ್ತೆ, ಅಲ್ಲಿ ನಿಜವಾದ ಆಟ ನಡೆಯತ್ತೆ.

ಪ್ರಶ್ನೆ: ಚೌಕಾಬಾರಾನೂ ಲೀಗಿಗೆ ಸೇರಿಸಬಹುದಾ? ಅಜ್ಜಿ ಕವಡೆ ಇನ್ನೂ ಮನೇಲಿದೆ. (ತುಮಕೂರು)

ಉತ್ತರ: ದಯವಿಟ್ಟು ಸೇರ್ಸಿ, ಅಜ್ಜಿಯಂದಿರನ್ನೂ ಸೇರ್ಸಿ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವ್ರು ಕ್ರೀಡಾ ಕೌಶಲ್ಯ ಅಂತ ಪ್ರದರ್ಶನ ಮಾಡ್ತಾರೆ, ಪಗಡೆ, ಅಳಗುಳಿಮಣೆ, ಚೌಕಾಬಾರದ ಹಾಸು, ಮಣೆ ಎಲ್ಲಾ ಅಲ್ಲಿ ನೋಡಬಹುದು. ತೊಂದರೆ ಏನಂದ್ರೆ ಕವಡೇಲಿ ಅದೃಷ್ಟದ ಪಾಲು ಜಾಸ್ತಿ, ಒಂದೇ ಆಟದಲ್ಲಿ ಯಾರು ಚೆನ್ನಾಗಿ ಆಡಿದ್ರು ಅಂತ ಗೊತ್ತಾಗಲ್ಲ. ಗೆಲುವು ಸೋಲು ಅಂತ ಬರೆಯೋ ಬದ್ಲು, ಒಬ್ಬರು ನಾಲ್ಕೂ ಕಾಯಿ ಹಣ್ಣು ಮಾಡಿದ (ನಡುವಿನ ಮನೆ ಮುಟ್ಟಿಸಿದ) ಕೂಡ್ಲೇ ಆಟ ನಿಲ್ಸಿ, ಪ್ರತಿಯೊಬ್ಬರದ್ದೂ ಎಷ್ಟು ಕಾಯಿ ಹಣ್ಣಾಗಿದೆ ಅಂತ ಬರ್ಕೊಳ್ಳಿ, ಕಾಯಿಗೆ ಒಂದು ಪಾಯಿಂಟ್. ಆಗ ಮೂರು ಕಾಯಿ ದಾಟಿಸಿ ಕೊನೇಲಿ ಸೋತವ್ರಿಗೂ ಮೂರು ಸಿಕ್ಕತ್ತೆ. ಎದುರಾಳೀದು ಒಂದು ಕಾಯಾದ್ರೂ ಕಡೀದೆ ಒಳಗಿನ ಸುತ್ತಿಗೆ ಹೋಗಂಗಿಲ್ಲ ಅನ್ನೋದು ಒಂದೊಂದು ಮನೇಲಿ ಒಂದೊಂದು ಥರ ಇರತ್ತೆ, ನಿಮ್ ಲೀಗಲ್ಲಿ ವಯಸ್ಸಲ್ಲಿ ಹಿರಿಯರು ಯಾರೋ ಅವರ ಮನೆ ನಿಯಮ ಇಟ್ಕೊಳ್ಳಿ.